ನಾಲ್ಕು ವರ್ಷದ ಮಗನಿಗೆ ವೆಲಾಸಿರ್ಯಾಪ್ಟರ್ ಅನ್ನೋ ಡೈನೋಸಾರ್ ಬಗ್ಗೆ ಹೇಳಬಹುದಾ? ಹೆದರಿಕೊಳ್ಳಲ್ವಾ?

ನನ್ನ ಮಗಳಿಗೆ ಆಗ ಐದು ವರ್ಷ. ಸಕಲೇಶಪುರದ ಹತ್ತಿರ ತೋಟದ ಮನೆ, ಜಡಿಮಳೆ, ಮೂರು ದಿನದಿಂದ ಕರೆಂಟಿಲ್ಲ. ಹೊತ್ತು ಹೋಗಲಿ ಅಂತ ಇದೇ ಪ್ರಾಣಿಯ ಕಥೆ ಶುರು ಮಾಡಿದೆ. ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. "ನಮ್ಮ ಜೀಪಿನಷ್ಟು ಎತ್ತರ, ಮೊಸಳೆ ಚರ್ಮ, ಚಿಲಕ ತೆಗೆದು ಒಳಗೆ ಬರುತ್ತೆ" ಅಂದೆ.

"ಆನೆ ಬಂದ್ರೆ ಫಾರೆಸ್ಟ್‌ನವರು ಮೆಸೇಜ್ ಕಳಿಸ್ತಾರೆ. ಇದು ಬಂದ್ರೆ ಯಾರಪ್ಪ ಕಳಿಸೋದು?" ಅಂದಳು. ನಾನು ನಕ್ಕುಬಿಟ್ಟೆ. ಆಮೇಲೆ ಹದಿನೈದು ದಿನ ಹಿತ್ತಲ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ.

ತಪ್ಪಾಗಿದ್ದು ಆ ಜೀಪಿನಿಂದ. ಹಲ್ಲು, ಉಗುರು, ರಕ್ತ ಎಲ್ಲ ಮಕ್ಕಳು ಅರಗಿಸಿಕೊಳ್ಳುತ್ತಾರೆ. ಆದರೆ ಜೀಪು ದಿನಾ ಅಂಗಳದಲ್ಲೇ ನಿಂತಿರುತ್ತೆ. ನೋಡಿದಾಗೆಲ್ಲ ಅವಳಿಗೆ ಆ ಎತ್ತರ ನೆನಪಾಗಬೇಕು. ಎಲ್ಲೋ ಇದ್ದ ಪ್ರಾಣಿಯನ್ನು ನಾನೇ ಮನೆ ಬಾಗಿಲಿಗೆ ತಂದು ಕಟ್ಟಿಹಾಕಿದ್ದೆ. ಅದೂ ಸುಳ್ಳು ಅಳತೆಯಲ್ಲಿ! ಆಮೇಲೆ ಓದಿದರೆ, ಸೊಂಟದ ಎತ್ತರ ಬರೀ ಅರ್ಧ ಮೀಟರ್. ನನ್ನ ಮೊಣಕಾಲಿನಷ್ಟು. ತೂಕ 15-20 ಕೆಜಿ, ನಮ್ಮ ನಾಯಿಯ ಹಾಗೆ. ಉದ್ದ ಸುಮಾರು 2 ಮೀಟರ್, ಅದರಲ್ಲಿ ಅರ್ಧದಷ್ಟು ಬಾಲವೇ. ಮೊಸಳೆ ಚರ್ಮವೂ ಅಲ್ಲ, ಪುಕ್ಕ. ಪುಕ್ಕ ಅಂಟಿಕೊಂಡಿದ್ದ ಗುಬುಟುಗಳನ್ನು ಅದರ ಮುಂಗೈ ಮೂಳೆಯಲ್ಲಿ 2007ರಲ್ಲಿ ಗುರುತಿಸಿದ್ದಾರೆ.

ಮಳೆ ಬಿಟ್ಟ ದಿನ ಕಾಫಿ ಕಣದಲ್ಲಿ ಸೀಮೆಸುಣ್ಣ ಹಿಡಿದು ಅಸಲಿ ಅಳತೆಗೆ ಬರೆದೆವು. ನಾಟಿ ಹುಂಜ ಹಿಡಿದು ಕಾಲು ತೋರಿಸಿದೆ. ವೆಲಾಸಿರ್ಯಾಪ್ಟರ್ ಎರಡನೇ ಬೆರಳಿನ ಕುಡುಗೋಲಿನಂಥ ಉಗುರನ್ನು ನೆಲಕ್ಕೆ ತಾಗಿಸದೆ ಎತ್ತಿಕೊಂಡೇ ನಡೆಯುತ್ತಿತ್ತು ಅಂದೆ. ಅವಳೂ ಒಂದು ಬೆರಳು ಎತ್ತಿಕೊಂಡು ಕಣದ ತುಂಬ ಕುಂಟಿದಳು. ನಮ್ಮೂರಲ್ಲೂ ಇತ್ತಾ ಅಂದಳು. ಇಲ್ಲ, 7 ಕೋಟಿ ವರ್ಷಕ್ಕೂ ಹಿಂದೆ, ಮಂಗೋಲಿಯಾ ಕಡೆ ಅಂದೆ.

ಹಾಗಾಗಿ ವಯಸ್ಸು ಎಷ್ಟಿರಬೇಕು ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತೆ. ನಾಲ್ಕಕ್ಕೂ ಹೇಳಿ, ಮೂರಕ್ಕೂ ಹೇಳಿ. ಮೊದಲು ನೀವು ಓದಿಕೊಳ್ಳಿ, ಕತ್ತಲಾದ ಮೇಲೆ ಮಾತ್ರ ಈ ಕಥೆ ಬೇಡ. ಹಾಗಂತ ಪಾಪದ ಪ್ರಾಣಿ ಅಂತಲೂ ಹೇಳಬೇಡಿ. ಗೋಬಿ ಮರುಭೂಮಿಯಲ್ಲಿ 1971ರಲ್ಲಿ ಸಿಕ್ಕ ಪಳೆಯುಳಿಕೆಯಲ್ಲಿ ಇದು ಪ್ರೋಟೋಸೆರಾಟಾಪ್ಸ್ ಅನ್ನೋ ಇನ್ನೊಂದು ಡೈನೋಸಾರ್ ಜೊತೆ ಕಾದಾಡುತ್ತಿರುವ ಹಾಗೇ ಇದೆ. ನಮ್ಮವಳಿಗೆ ಈ ಕಥೆಯೇ ಜಾಸ್ತಿ ಇಷ್ಟ.

ಬಚ್ಚಲಿಗೆ ಈಗ ಒಬ್ಬಳೇ ಹೋಗ್ತಾಳೆ. ಹುಂಜಕ್ಕೆ ಮಾತ್ರ ಹೆದರ್ತಾಳೆ. ಅದು ನಿಜಕ್ಕೂ ಕುಕ್ಕುತ್ತೆ ಬಿಡಿ.