ಗ್ಯಾರೇಜಿನ ಮಾತು: ಸ್ಲೈಡರ್ ಕೂರಬೇಕಾದ್ದು ಎಲ್ಲಿ?

ಪ್ರಶ್ನೆ: ನಮ್ಮಲ್ಲಿ 1998ರ ಜಿಪ್ಸಿ ಇದೆ. ತೋಟದ ದಾರಿಯಲ್ಲಿ ಹಳ್ಳ ದಾಟುವಾಗ ಬಂಡೆ ತಾಗಿ ಬಾಗಿಲ ಕೆಳಗಿನ ಪಟ್ಟಿ ಜಜ್ಜಿಹೋಗಿದೆ. ರಾಕ್ ಸ್ಲೈಡರ್ (ಬಂಡೆ ತಾಗಿದರೆ ಗಾಡಿ ಅದರ ಮೇಲೆ ಜಾರಿಹೋಗುವಂತೆ ಬಾಗಿಲ ಕೆಳಗೆ ಉದ್ದಕ್ಕೆ ಕೂರಿಸುವ ಗಟ್ಟಿ ಪೈಪು) ಹಾಕಿಸೋಣವೆಂದರೆ, ಊರಿನ ವೆಲ್ಡರು ಗೇಟಿಗೆ ತಂದು ಉಳಿದ ಜಿ.ಐ. (ಸತು ಲೇಪಿಸಿದ) ಪೈಪನ್ನೇ ಆ ಪಟ್ಟಿಗೆ ವೆಲ್ಡ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಸಾಕೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸಾಲದು. ನನ್ನ ಮೊದಲ ಜೀಪಿಗೆ ನಾನೇ ಕೈಯಾರೆ ಹೀಗೇ ಮಾಡಿದ್ದೆ. ಮೊದಲ ಬಂಡೆಗೇ ಪೈಪು ಮೇಲೆದ್ದು ಪಟ್ಟಿಯನ್ನೂ ಒಳಗೆ ನೂಕಿತು, ಬಾಗಿಲು ಕಚ್ಚಿಕೊಂಡಿತು. ಆಚೆ ಬಾಗಿಲಿಂದ ಇಳಿದೆ, ಸೀದಾ ಮಂಡಿಯುದ್ದ ನೀರಿಗೆ!

ಆ ಪಟ್ಟಿ ಬರೀ ತಗಡು. ಜಿಪ್ಸಿಯ ಭಾರ ಒಂದು ಟನ್ನಿನ ಆಸುಪಾಸು; ಬಂಡೆಯ ಮೇಲೆ ಅದರ ದೊಡ್ಡ ಪಾಲು ಸ್ಲೈಡರಿನ ಮೇಲೇ ಬೀಳುತ್ತದೆ. ಅದನ್ನು ಹೊರಬೇಕಾದ್ದು ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು. ಜಿ.ಐ. ಪೈಪಂತೂ ಬೇಡವೇ ಬೇಡ, ಅದರ ಸತುವಿನ ಹೊಗೆ ಕುಡಿದರೆ ರಾತ್ರಿಗೆ ನಿಮ್ಮ ವೆಲ್ಡರಿಗೆ ಚಳಿಜ್ವರ. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಎಂ.ಎಸ್. (ಲೇಪವಿಲ್ಲದ ಸಾದಾ ಉಕ್ಕಿನ) ಪೈಪು ತನ್ನಿ. ಮೀಟರಿಗೆ ಸುಮಾರು ನಾಲ್ಕೂಕಾಲು ಕೆ.ಜಿ. ತೂಗುತ್ತದೆ.

ಈ ಪೈಪನ್ನು ಚಾಸಿಗೆ ಸೇರಿಸಲು ಒಂದೊಂದು ಬದಿಗೆ ಮೂರು ಅಡ್ಡ ಕಾಲುಗಳು ಬೇಕು. ಕಾಲನ್ನು ನೇರ ಚಾಸಿಗೇ ವೆಲ್ಡ್ ಮಾಡಿಸಬೇಡಿ. ಮಲೆನಾಡಿನ ಹಳೆ ಗಾಡಿಯ ಚಾಸಿ ತುಕ್ಕು ತಿಂದು ತೆಳ್ಳಗಾಗಿರುತ್ತದೆ, ಪೈಪು ಅದನ್ನು ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಮೊದಲು ಸುತ್ತಿಗೆಯಿಂದ ಬಡಿದು ನೋಡಿ. ಟಣ್ ಅನ್ನದೆ ಮಂದ ಸದ್ದು ಬಂದರೆ ಸ್ಲೈಡರ್ ಮರೆತು ಚಾಸಿ ರಿಪೇರಿ ಮಾಡಿಸಿ. ಗಟ್ಟಿಯಿದ್ದರೆ ಗೇಣುದ್ದದ 5 ಮಿ.ಮೀ. ಪ್ಲೇಟನ್ನು ಮೂಲೆ ಉರುಟು ಮಾಡಿ ಚಾಸಿಯ ಪಕ್ಕದ ಮೈಗೆ ಹಚ್ಚಿಸಿ, ಕಾಲು ಅದರ ಮೇಲೆ ಬರಲಿ. ಪ್ಲೇಟಿನ ಮೇಲಂಚು, ಕೆಳಂಚು ಉದ್ದಕ್ಕೆ ವೆಲ್ಡ್ ಆಗಲಿ, ನಿಂತ ಅಂಚುಗಳನ್ನು ಹಾಗೇ ಬಿಡಿ. ಅಲ್ಲಿ ವೆಲ್ಡ್ ಎಳೆದರೆ ಮುಂದೊಂದು ದಿನ ಚಾಸಿ ಸೀಳುವುದು ಆ ಗೆರೆಯಲ್ಲೇ.

ಬೋಲ್ಟ್ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಚಾಸಿ ಒಳಗೆ ಟೊಳ್ಳು. ಒಳಗೆ ಬುಷ್ (ಬೋಲ್ಟಿನ ಸುತ್ತ ಆನಿಕೆಯಾಗಿ ನಿಲ್ಲುವ ಗಟ್ಟಿ ಕೊಳವೆ) ಕೊಡದೆ ಆರಪಾರ ಬೋಲ್ಟ್ ಬಿಗಿದರೆ ಡಬ್ಬಿಯಂತೆ ಅಮುಕಿಹೋಗುತ್ತದೆ.

ಕಾಲುಗಳು ಹೊರಗೆ ಹೋಗುತ್ತ ಸ್ವಲ್ಪ ಮೇಲಕ್ಕೆ ಏರಲಿ, ಇಲ್ಲದಿದ್ದರೆ ಅವೇ ಬಂಡೆಗೆ ಸಿಕ್ಕಿಕೊಳ್ಳುತ್ತವೆ. ಪೈಪಿಗೂ ಬಾಡಿಗೂ ನಡುವೆ ಬೆರಳು ಆಡುವಷ್ಟು ಸಂದಿ ಇರಲಿ. ಬಾಡಿ ರಬ್ಬರಿನ ಮೇಲೆ ಕೂತಿರುವುದರಿಂದ ಅಲುಗಾಡುತ್ತದೆ.

ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಕಳಚಿ. ಚಾಸಿಯ ಮಗ್ಗುಲಲ್ಲೇ ಓಡುವ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳನ್ನು ಸರಿಸಿ, ಹತ್ತಿರ ಒಬ್ಬರು ಬಕೆಟ್ ಮರಳು ಇಟ್ಟುಕೊಂಡು ನಿಂತಿರಲಿ. ಗಾಡಿಯ ರೂಪ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಎಲ್ಲ ಮುಗಿದ ಮೇಲೆ, ಪೇಂಟ್ ಹೊಡೆಸುವ ಮುಂಚೆ, ಸ್ಲೈಡರಿನ ನಡುವೆ ಜಾಕ್ ಕೊಟ್ಟು ಆ ಬದಿಯ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿಸಿ. ಗಾಡಿಯ ಕೆಳಗೆ ಯಾರೂ ಹೋಗಬಾರದು. ಹಾಗಿರುವಾಗಲೇ ಬಾಗಿಲು ತೆರೆದು ಮುಚ್ಚಿ ನೋಡಿ. ಮೊದಲಿನಂತೆ ಮುಚ್ಚಿದರೆ ವೆಲ್ಡರಿಗೆ ದುಡ್ಡು ಕೊಡಿ.