ಗುಂಡು ಎಸೆಯುವುದು ಕಾಲು: ಕಾಲೇಜು ಥ್ರೋವರ್‌ಗಳ ಪ್ರಶ್ನೆಗಳಿಗೆ ಕೋಚ್ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಲೇಜು ಮಟ್ಟದ ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್ ಬಗ್ಗೆ ಇವೆ. ಕೆಲವು ಕೋಚ್‌ಗಳು ಕೇಳಿದ್ದು, ಕೆಲವು ಮಕ್ಕಳೇ ಕೇಳಿದ್ದು.

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಕೋಚ್. ನನ್ನ ಹತ್ತಿರ ಶಾಟ್‌ಪುಟ್ ಕಲಿಯುವ ಹುಡುಗನೊಬ್ಬ ಇದ್ದಾನೆ. ಎರಡು ವರ್ಷದಲ್ಲಿ ಅವನ ಬೆಂಚ್ ಪ್ರೆಸ್ (ಮಲಗಿಕೊಂಡು ಎದೆಯ ಮೇಲಿಂದ ಬಾರ್ ಎತ್ತುವುದು) 80 ಕೆ.ಜಿ.ಯಿಂದ 115ಕ್ಕೆ ಏರಿದೆ. ಎಸೆತ ಮಾತ್ರ 13.40 ಮೀಟರ್‌ನಿಂದ 13.75ಕ್ಕೆ ಬಂದು ನಿಂತುಬಿಟ್ಟಿದೆ. ಕೋನ ಸರಿಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹಾಗಾಗಿ 45 ಡಿಗ್ರಿಗೆ ಎಸೆಯುವುದನ್ನು ಅಭ್ಯಾಸ ಮಾಡಿಸುತ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಮೊದಲು ಆ 45 ಡಿಗ್ರಿಯನ್ನು ಬಿಟ್ಟುಬಿಡಿ. ನೆಲದಿಂದ ಹೊರಟು ನೆಲಕ್ಕೇ ಬೀಳುವ ವಸ್ತುವಿಗೆ ಆ ಲೆಕ್ಕ ಸರಿ. ಗುಂಡು ಕೈಬಿಡುವುದು ಎರಡು ಮೀಟರ್ ಎತ್ತರದಿಂದ. ಒಳ್ಳೆಯ ಎಸೆತಗಾರರ ಗುಂಡು ಸಾಮಾನ್ಯವಾಗಿ 35ರಿಂದ 40 ಡಿಗ್ರಿ ಒಳಗೇ ಹೊರಡುತ್ತದೆ.

ಒಂದು ಲೆಕ್ಕ ಮಾಡೋಣ. ಗುಂಡು 2 ಮೀಟರ್ ಎತ್ತರದಿಂದ ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಹೊರಟಿತು ಅಂದುಕೊಳ್ಳಿ. ಕೋನ 37 ಡಿಗ್ರಿ ಇದ್ದರೆ, ಕೈಬಿಟ್ಟ ಜಾಗದಿಂದ ಸುಮಾರು 14.1 ಮೀಟರ್ ಹೋಗುತ್ತದೆ. 40 ಡಿಗ್ರಿ ಮಾಡಿದರೆ ಹತ್ತು ಸೆಂಟಿಮೀಟರ್ ಜಾಸ್ತಿ. 45 ಮಾಡಿದರೆ ಮತ್ತೆ ಅದೇ 14.1. ಅದೇ 37 ಡಿಗ್ರಿ ಇಟ್ಟುಕೊಂಡು ವೇಗವನ್ನು 11ರಿಂದ 11.5ಕ್ಕೆ ಏರಿಸಿ ನೋಡಿ. ಗುಂಡು 15.2 ಮೀಟರ್ ಮುಟ್ಟುತ್ತದೆ. ಕೋನಕ್ಕೆ ಸಿಗುವುದು ಸೆಂಟಿಮೀಟರ್, ವೇಗಕ್ಕೆ ಸಿಗುವುದು ಮೀಟರ್. ಇನ್ನೊಂದು ವಿಷಯ. ಗುಂಡನ್ನು ಮೇಲಕ್ಕೆ ತಳ್ಳಿದಷ್ಟೂ ವೇಗ ಕಡಿಮೆಯಾಗುತ್ತದೆ. 45 ಡಿಗ್ರಿಗೆ ಎತ್ತಲು ಹೋಗಿ ವೇಗ 10.5ಕ್ಕೆ ಇಳಿದರೆ ಮೀಟರಿಗಿಂತ ಜಾಸ್ತಿ ಕಳೆದುಕೊಳ್ಳುತ್ತಾನೆ ನಿಮ್ಮ ಹುಡುಗ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ಬೆಂಚ್ ಪ್ರೆಸ್‌ನಿಂದ ಬರುವುದು ತೀರಾ ಸ್ವಲ್ಪ. ಭಾರವಾದ ಬಾರ್ ಎತ್ತಲು ಒಂದು ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಬೇಕು. ಶಾಟ್‌ಪುಟ್‌ನಲ್ಲಿ ಕೊನೆಯ ತಳ್ಳುವಿಕೆ ಸೆಕೆಂಡಿನ ಕಾಲು ಭಾಗದಲ್ಲಿ ಮುಗಿದುಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ನೆಲವನ್ನು ಒದೆಯುವ ಕಾಲು, ತಿರುಗುವ ಸೊಂಟ, ಆಮೇಲೆ ಎದೆ, ಭುಜ, ಕೊನೆಗೆ ಕೈ. ಕೈ ಬರುವ ಹೊತ್ತಿಗೆ ಗುಂಡು ಆಗಲೇ ಓಡುತ್ತಿರಬೇಕು. ನಿಂತ ಗುಂಡನ್ನು ಕೈಯೇ ಓಡಿಸಬೇಕಾಗಿ ಬಂದರೆ 115 ಅಲ್ಲ, 150 ಕೆ.ಜಿ. ಬೆಂಚ್ ಮಾಡಿದರೂ ಪ್ರಯೋಜನವಿಲ್ಲ.

ನಾಳೆಯೇ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ನಿಂತಲ್ಲಿಂದ ಐದು ಎಸೆತ, ಪೂರ್ತಿ ಗ್ಲೈಡ್ (ಎಸೆಯುವ ಸರ್ಕಲ್‌ನಲ್ಲಿ ಹಿಂದಿನಿಂದ ಮುಂದಕ್ಕೆ ಜಾರಿ ಬರುವುದು) ಮಾಡಿ ಐದು ಎಸೆತ. ಗ್ಲೈಡ್ ಕೈಗೆ ಹತ್ತಿದವರಿಗೆ ಎರಡರ ನಡುವೆ ಒಂದೂವರೆ ಮೀಟರ್ ಆದರೂ ವ್ಯತ್ಯಾಸ ಸಿಗಬೇಕು. ನಿಮ್ಮ ಹುಡುಗನಿಗೆ ಅರ್ಧ ಮೀಟರ್ ಸಿಕ್ಕರೆ ಅವನ ಗ್ಲೈಡ್ ಸುಮ್ನೆ ಅಲಂಕಾರಕ್ಕಿದೆ ಅಂತ ಅರ್ಥ.

ಎರಡನೆಯದು ನನಗೆ ತುಂಬಾ ಇಷ್ಟದ್ದು. ಗುಂಡು ಹಿಡಿದು ಗ್ಲೈಡ್ ಮಾಡಲಿ, ಎಸೆಯುವ ಮುಂಚೆ ಹಾಗೇ ನಿಂತುಬಿಡಲಿ. ಬಲಗೈಯವನಾದರೆ ಬಲಗಾಲು ಸರ್ಕಲ್ ನಡುವೆ ಇರಬೇಕು, ಭಾರ ಅದರ ಮೇಲೇ ಇರಬೇಕು. ಎಡಗಾಲು ಸ್ಟಾಪ್‌ಬೋರ್ಡ್ (ಸರ್ಕಲ್ ಮುಂದಿನ ತಡೆಹಲಗೆ) ಹತ್ತಿರ ನೆಲ ಮುಟ್ಟಿರಬೇಕು. ಸೊಂಟ ತಿರುಗಲು ಶುರುವಾಗಿದ್ದರೂ ಭುಜ ಇನ್ನೂ ಹಿಂದಕ್ಕೇ ನೋಡುತ್ತಿರಬೇಕು. ಇದೇ ಪವರ್ ಪೊಸಿಷನ್. ನಿಲ್ಲು ಅಂದಾಗ ಅವನು ಮುಂದಕ್ಕೆ ವಾಲಿದರೆ ಅಥವಾ ಎದೆ ಆಗಲೇ ತೆರೆದಿದ್ದರೆ ನಿಮ್ಮ 13.75ರ ಕಾರಣ ಸಿಕ್ಕಿತು. ಇದನ್ನು ಮೊಬೈಲ್‌ನಲ್ಲಿ ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಚಿತ್ರಿಸಿ ಅವನಿಗೇ ತೋರಿಸಿ. ನೂರು ಸಲ ಬಾಯಲ್ಲಿ ಹೇಳಿದರೂ ಅರ್ಥವಾಗದ್ದು ಒಂದು ಸಲ ನೋಡಿದರೆ ಅರ್ಥವಾಗುತ್ತದೆ.

ಜಿಮ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸ್ಕ್ವಾಟ್, ನೆಲದಿಂದ ಬಾರನ್ನು ಝಟ್ಟನೆ ಎತ್ತುವ ಕ್ಲೀನ್, ಸ್ನ್ಯಾಚ್ ಮುಂದೆ ಬರಲಿ, ಬೆಂಚ್ ಹಿಂದೆ ಹೋಗಲಿ. ವಾರಕ್ಕೆ ಎರಡು ದಿನ ಜಂಪ್ ಮತ್ತು ಮೆಡಿಸಿನ್ ಬಾಲ್ (ಭಾರದ ದೊಡ್ಡ ಚೆಂಡು) ಎಸೆತ ಇರಲಿ. 7.26 ಕೆ.ಜಿ. ಗುಂಡಿನ ಜೊತೆ 6 ಕೆ.ಜಿ. ಗುಂಡನ್ನೂ ಎಸೆಸಿ. ಹಗುರ ಗುಂಡು ಮೈಗೆ ವೇಗದ ರುಚಿ ಹತ್ತಿಸುತ್ತದೆ. ಬೇರೆ ಬೇರೆ ತೂಕ ಎಸೆಸುವ ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಅನಾತೊಲಿ ಬೊಂಡಾರ್ಚುಕ್. 1972ರ ಒಲಿಂಪಿಕ್ಸ್‌ನಲ್ಲಿ ಹ್ಯಾಮರ್ (ತಂತಿಗೆ ಕಟ್ಟಿದ ಗುಂಡು) ಎಸೆತದ ಚಿನ್ನ ಗೆದ್ದು, ಆಮೇಲೆ ಕೋಚ್ ಆದವರು. ಅವರ ಶಿಷ್ಯ ಯೂರಿ ಸೆದಿಖ್ 1986ರಲ್ಲಿ ಹ್ಯಾಮರ್ ಎಸೆದ 86.74 ಮೀಟರ್ ಹಲವು ದಶಕಗಳ ಕಾಲ ಯಾರ ಕೈಗೂ ಸಿಗದೆ ಉಳಿಯಿತು. ಆದರೆ ತೀರಾ ಭಾರದ ಗುಂಡು ಕೊಡಬೇಡಿ. ಲಯ ಕೆಟ್ಟುಹೋಗುತ್ತದೆ.

ಇನ್ನೊಂದು ಕೋರಿಕೆ. ಎರಡು ತಿಂಗಳು ಟೇಪ್ ಹೊರಗೆ ತೆಗೆಯಬೇಡಿ. ಅಳತೆ ಕಣ್ಣ ಮುಂದೆ ಇದ್ದರೆ ಹುಡುಗ ಹಳೆಯ ಅಭ್ಯಾಸಕ್ಕೇ ಓಡುತ್ತಾನೆ. ಯಾಕೆಂದರೆ ಹೊಸದು ಕಲಿಯುವಾಗ ಮೊದಲು ದೂರ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಅವನಿಗೆ ಬೇಕಾಗಿರುವುದು ನಿಮ್ಮ ಧೈರ್ಯ.

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿ. ಗ್ಲೈಡ್ ಮಾಡುತ್ತೇನೆ. ಈಗ ದೊಡ್ಡವರೆಲ್ಲ ರೊಟೇಶನ್ ಮಾಡುತ್ತಾರೆ. ನಾನೂ ಬದಲಾಯಿಸಬೇಕಾ?

1950ರ ದಶಕದಲ್ಲಿ ಪ್ಯಾರಿ ಓಬ್ರಯನ್ ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು ಗ್ಲೈಡ್‌ಗೆ ಇಂದಿನ ರೂಪ ಕೊಟ್ಟರು. 1976ರಲ್ಲಿ ಅಲೆಕ್ಸಾಂಡರ್ ಬರಿಶ್ನಿಕೊವ್ ಡಿಸ್ಕಸ್‌ನ ಹಾಗೆ ಸುತ್ತಿ (ಅದೇ ರೊಟೇಶನ್) 22.00 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. 2023ರಲ್ಲಿ ರಯಾನ್ ಕ್ರೌಸರ್ ಎಸೆದ 23.56 ಮೀಟರ್ ಕೂಡ ರೊಟೇಶನ್‌ನದ್ದೇ. ಆದರೆ ಮಹಿಳೆಯರ ವಿಶ್ವದಾಖಲೆ ನೋಡಿ. 1987ರಲ್ಲಿ ನತಾಲಿಯಾ ಲಿಸೊವ್‌ಸ್ಕಾಯಾ ಎಸೆದ 22.63 ಮೀಟರ್, ಅದು ಗ್ಲೈಡ್. ಎರಡು ದಾರಿಯೂ ದೂರಕ್ಕೆ ಹೋಗುತ್ತವೆ.

ನಾನು ನೋಡುವುದು ಮೂರೇ ವಿಷಯ. ನೀವು ಡಿಸ್ಕಸ್ ಕೂಡ ಎಸೆಯುತ್ತೀರಾ? ಸುತ್ತುವಾಗ ಒಂಟಿ ಕಾಲಿನ ಮೇಲೆ ಸಮತೋಲ ಇರುತ್ತದಾ? ಕನಿಷ್ಠ ಒಂದು ವರ್ಷ ಹಿಂದೆ ಬೀಳಲು ಮನಸ್ಸು ಗಟ್ಟಿ ಇದೆಯಾ? ಮೂರಕ್ಕೂ ಹೌದು ಅಂದರೆ ಈಗಲೇ ಶುರು ಮಾಡಿ. ಎರಡನೇ ವರ್ಷ ಸರಿಯಾದ ಸಮಯ. ಕೊನೆಯ ವರ್ಷದಲ್ಲಿ ಯಾರೂ ಈ ಸಾಹಸಕ್ಕೆ ಕೈ ಹಾಕಬಾರದು. ಗ್ಲೈಡ್ ಇನ್ನೂ ಸುಧಾರಿಸುತ್ತಿದ್ದರೆ ಬದಲಾಯಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ನಾನು ಜಾವೆಲಿನ್ ಎಸೆಯುತ್ತೇನೆ ಸರ್, ವಯಸ್ಸು 19. ಎರಡು ತಿಂಗಳಿಂದ ಬಲ ಮೊಣಕೈ ಒಳಬದಿಯಲ್ಲಿ ನೋವಿದೆ. ಎಸೆದ ದಿನ ಕಿರುಬೆರಳು ಜುಮ್ಮೆನ್ನುತ್ತದೆ. ಐಸ್ ಇಟ್ಟುಕೊಂಡು ಎಸೆ ಅಂತ ಕೋಚ್ ಹೇಳುತ್ತಾರೆ. ಮುಂದಿನ ತಿಂಗಳು ಸ್ಪರ್ಧೆ ಇದೆ. ಏನು ಮಾಡಲಿ?

ಇವತ್ತಿನಿಂದಲೇ ಎಸೆಯುವುದನ್ನು ನಿಲ್ಲಿಸಮ್ಮ. ಮೂಳೆ ಡಾಕ್ಟರ್ ಅಥವಾ ಕ್ರೀಡಾ ಗಾಯ ನೋಡುವ ಡಾಕ್ಟರ್ ಹತ್ತಿರ ಈ ವಾರವೇ ಹೋಗು. ಮೊಣಕೈ ಒಳಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಇದೆ. ಜಾವೆಲಿನ್‌ನ ಪ್ರತಿ ಜೋರು ಎಸೆತವೂ ಅದನ್ನು ಎಳೆಯುತ್ತದೆ. ಅದರ ಪಕ್ಕದಲ್ಲೇ ಹೋಗುವ ನರ ಕಿರುಬೆರಳಿಗೆ ಸೇರುತ್ತದೆ. ಬೆರಳು ಜುಮ್ಮೆನ್ನುತ್ತಿದೆ ಅಂದರೆ ಆ ನರಕ್ಕೂ ತೊಂದರೆ ತಟ್ಟಿರಬಹುದು. ಐಸ್ ನೋವನ್ನು ಮುಚ್ಚುತ್ತದೆ ಅಷ್ಟೇ, ಕಾರಣ ಹಾಗೇ ಉಳಿಯುತ್ತದೆ. ಒಂದು ಸ್ಪರ್ಧೆ ಬಿಟ್ಟರೆ ಮುಂದೆ ಹತ್ತು ಸಿಗುತ್ತವೆ. ನಿನ್ನ ಕೋಚ್‌ಗೆ ಕೆಟ್ಟ ಉದ್ದೇಶ ಇದೆ ಅಂತ ನಾನು ಅಂದುಕೊಂಡಿಲ್ಲ. ಡಾಕ್ಟರ್ ಬರೆದುಕೊಟ್ಟದ್ದನ್ನು ಅವರಿಗೆ ತೋರಿಸಿ ಮಾತಾಡು.

ವಾಸಿಯಾದ ಮೇಲೆ ಕಾರಣ ಹುಡುಕಬೇಕು. ಹೆಚ್ಚಿನವರಲ್ಲಿ ನಾನು ನೋಡಿರುವುದು ಒಂದೇ ತಪ್ಪು. ಎಸೆಯುವಾಗ ಮೊಣಕೈ ಭುಜಕ್ಕಿಂತ ಕೆಳಗೆ ಇಳಿದು, ಕೈ ಪಕ್ಕದಿಂದ ಸುತ್ತಿ ಬರುತ್ತದೆ. ಇದಕ್ಕೂ ಬೇರು ಕಾಲಿನಲ್ಲೇ ಇದೆ. ಕೊನೆಯ ಹೆಜ್ಜೆಯಲ್ಲಿ ಎಡಗಾಲು ಗಟ್ಟಿಯಾಗಿ, ನೇರವಾಗಿ ಊರಬೇಕು. ನಾವು ಬ್ಲಾಕ್ ಅನ್ನುವುದು ಅದಕ್ಕೇ. ಓಡಿ ಬಂದ ವೇಗ ಆ ಕಾಲಿಗೆ ತಡೆದು ಮೇಲಕ್ಕೆ ಏರಿ ಭುಜಕ್ಕೆ ಹೋಗುತ್ತದೆ. ಆ ಮೊಣಕಾಲು ಮಡಚಿಕೊಂಡರೆ ವೇಗ ಅಲ್ಲೇ ಸೋರಿಹೋಗುತ್ತದೆ. ಆಗ ಕಳೆದುಹೋದ ವೇಗವನ್ನು ಪಾಪ ಮೊಣಕೈ ತುಂಬಿಕೊಡಲು ಹೋಗುತ್ತದೆ. ಇನ್ನೊಂದು ತಪ್ಪು ಅವಸರ. ಎಡಗಾಲು ಊರುವ ಮೊದಲೇ ಕೈ ಎಳೆಯುವುದು.

ಡಾಕ್ಟರ್ ಸರಿ ಅಂದ ಮೇಲೆ ಸಣ್ಣ ಬಾಲ್‌ನಿಂದ ಶುರು ಮಾಡು. ಆಮೇಲೆ ನಿಂತಲ್ಲಿಂದ ಹತ್ತು ಹದಿನೈದು ಮೀಟರ್ ದೂರದ ಹುಲ್ಲಿಗೆ ಜಾವೆಲಿನ್ ಚುಚ್ಚುವ ಮೆತ್ತಗಿನ ಎಸೆತ. ಆಮೇಲೆ ಮೂರು ಹೆಜ್ಜೆ, ಐದು ಹೆಜ್ಜೆ. ಪೂರ್ತಿ ಓಟದ ಜೋರು ಎಸೆತ ಕಟ್ಟಕಡೆಗೆ. ಜೋರು ಎಸೆತ ಎಷ್ಟು ಅಂತ ಪ್ರತಿ ದಿನ ಪುಸ್ತಕದಲ್ಲಿ ಬರೆದಿಡು. ಜೋರಾಗಿ ಎಸೆದ ಮರುದಿನ ಮತ್ತೆ ಜೋರಾಗಿ ಎಸೆಯಬೇಡ.

ನೀನು ಪತ್ರದ ಕೊನೆಯಲ್ಲಿ, ನಾನು ತೆಳ್ಳಗಿದ್ದೇನೆ, ಅದಕ್ಕೇ ಹೀಗಾಯಿತಾ ಅಂತಲೂ ಕೇಳಿದ್ದೀಯ. ಇಲ್ಲ. 1996ರಲ್ಲಿ 98.48 ಮೀಟರ್ ಎಸೆದ ಯಾನ್ ಝೆಲೆಝ್ನಿ ಎಸೆತಗಾರರ ನಡುವೆ ದೈತ್ಯರೇನೂ ಅಲ್ಲ. ಜಾವೆಲಿನ್‌ಗೆ ಬೇಕಾಗಿರುವುದು ಬಿಲ್ಲಿನ ಹಾಗೆ ಬಾಗಿ ಚಿಮ್ಮುವ ಮೈ.

ಪ್ರಶ್ನೆ: ಡಿಸ್ಕಸ್ ಎಸೆತದಲ್ಲಿ ಅಭ್ಯಾಸದಲ್ಲಿ 44 ಮೀಟರ್ ದಾಟುತ್ತೇನೆ. ಸ್ಪರ್ಧೆಯಲ್ಲಿ ಮೂರೂ ಫೌಲ್. ಹೋದ ಮೂರು ಸ್ಪರ್ಧೆಯಲ್ಲೂ ಹೀಗೇ ಆಯಿತು. ಭಯ ಹೋಗಲಾಡಿಸುವುದು ಹೇಗೆ?

ನಿಮ್ಮ ಭಯಕ್ಕೆ ಕಾರಣ ಅಭ್ಯಾಸ ಮಾಡುವ ರೀತಿಯಲ್ಲೇ ಇರಬಹುದು. ಸಂಜೆ ಮೂವತ್ತು ಎಸೆತ ಒಂದರ ಹಿಂದೆ ಒಂದು ಎಸೆಯುತ್ತೀರಿ, ಅಲ್ವಾ? ಹದಿನೈದನೆಯದು ಚೆನ್ನಾಗಿ ಹೋಗುತ್ತದೆ, ಅದೇ ನೆನಪಲ್ಲಿ ಉಳಿಯುತ್ತದೆ. ಸ್ಪರ್ಧೆಯಲ್ಲಿ ನಿಮಗಿರುವುದು ಮೂರೇ ಎಸೆತ. ಮೊದಲ ಎಂಟರಲ್ಲಿ ಬಂದರೆ ಇನ್ನು ಮೂರು. ನಡುವೆ ಹತ್ತು ಹದಿನೈದು ನಿಮಿಷ ಕೂತು ಮೈ ತಣ್ಣಗಾಗಿರುತ್ತದೆ. ಅದನ್ನು ನೀವು ಒಂದು ದಿನವೂ ಅಭ್ಯಾಸ ಮಾಡಿಲ್ಲ.

ವಾರಕ್ಕೊಂದು ದಿನ ಆರೇ ಎಸೆತ ಎಸೆಯಿರಿ. ಪ್ರತಿ ಎಸೆತದ ನಡುವೆ ಹತ್ತು ನಿಮಿಷ ಬಿಡಿ. ಗೆಳೆಯನೊಬ್ಬ ಬಾವುಟ ಹಿಡಿದು ಫೌಲ್ ಕೂಗಲಿ. ಡಿಸ್ಕಸ್ ನೆಲಕ್ಕೆ ಬಿದ್ದ ಮೇಲೆ ಸರ್ಕಲ್‌ನ ಹಿಂದಿನ ಅರ್ಧದಿಂದಲೇ ಹೊರಗೆ ಬನ್ನಿ. ಈ ಸಣ್ಣ ನಿಯಮ ಮರೆತು ಒಳ್ಳೆಯ ಎಸೆತ ಕಳೆದುಕೊಂಡ ಮಕ್ಕಳನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಫೌಲ್ ಹುಟ್ಟುವುದು ಸರ್ಕಲ್‌ನ ಹಿಂಭಾಗದಲ್ಲಿ. ಸ್ಪರ್ಧೆಯ ಹುರುಪಿನಲ್ಲಿ ಶುರುವಿನಲ್ಲೇ ಜೋರಾಗಿ ತಿರುಗುತ್ತೀರಿ. ಎಡಗಾಲಿನ ಮೇಲೆ ಸಮತೋಲ ಸಿಗುವ ಮೊದಲೇ ಮುಂದಕ್ಕೆ ಬೀಳುತ್ತೀರಿ. ಸರ್ಕಲ್ ಅಡ್ಡಳತೆ ಎರಡೂವರೆ ಮೀಟರ್ ಮಾತ್ರ. ಮುಂದೆ ಓಡಲು ಜಾಗವಿಲ್ಲ. ಹಿಂದೆ ನಿಧಾನ, ಮುಂದೆ ಜೋರು ಅಂತ ಮನಸ್ಸಲ್ಲಿ ಹೇಳಿಕೊಂಡು ತಿರುಗಿ. ಮೊದಲ ಎಸೆತ ಸ್ವಲ್ಪ ಕಡಿಮೆ ದೂರ ಹೋದರೂ ಸಾಕು, ಅಳತೆ ಬರೆದುಕೊಳ್ಳಲಿ. ಎರಡನೆಯದಕ್ಕೆ ಮೈ ತಾನೇ ಸಡಿಲವಾಗುತ್ತದೆ.

ಗಾಳಿಯನ್ನೂ ನೋಡಿ. ಡಿಸ್ಕಸ್‌ಗೆ ಎದುರುಗಾಳಿ ಒಳ್ಳೆಯದು. ಬಲಗೈಯವರಿಗೆ ಎದುರಿನಿಂದ ಸ್ವಲ್ಪ ಬಲಬದಿಯಿಂದ ಬಂದರೆ ಇನ್ನೂ ಒಳ್ಳೆಯದು. ಆಗ ಡಿಸ್ಕಸ್‌ನ ಮೂತಿ ಮೇಲೆತ್ತದೆ ಚಪ್ಪಟೆಯಾಗಿ ಬಿಡಿ. 2024ರಲ್ಲಿ ಮೈಕೊಲಾಸ್ ಅಲೆಕ್ನಾ 74.35 ಮೀಟರ್ ಎಸೆದು 1986ರ ವಿಶ್ವದಾಖಲೆ ಮುರಿದರು. ಆಗ ಅವರು ಇನ್ನೂ ಕಾಲೇಜು ಹುಡುಗ. ಎಸೆದದ್ದು ಅಮೆರಿಕದ ಒಕ್ಲಹೋಮದ ರಮೋನಾದಲ್ಲಿ, ಗಾಳಿ ಚೆನ್ನಾಗಿ ಬೀಸುವ ಬಯಲಲ್ಲಿ.

ಪ್ರಶ್ನೆ: ಒಂದೇ ಮೈದಾನ, ಹನ್ನೆರಡು ಮಕ್ಕಳು, ಹ್ಯಾಮರ್ ಸೇರಿ ನಾಲ್ಕೂ ಥ್ರೋ. ಕೋಚ್ ನಾನೊಬ್ಬಳೇ. ಸಮಯ ಸಾಲದು. ಎರಡು ಥ್ರೋ ಒಟ್ಟಿಗೆ ನಡೆಸಬಹುದಾ?

ಎಸೆತದ ಅಭ್ಯಾಸ ಒಂದು ಹೊತ್ತಿಗೆ ಒಂದೇ ಇರಲಿ, ಮೇಡಂ. ಉಳಿದವರು ಮೈದಾನದ ಇನ್ನೊಂದು ಕಡೆ ಮೆಡಿಸಿನ್ ಬಾಲ್, ಜಂಪ್, ಗುಂಡು ಇಲ್ಲದ ಕಾಲಿನ ಡ್ರಿಲ್ ಮಾಡಲಿ. ಆ ಡ್ರಿಲ್‌ಗಳೇ ಅವರಿಗೆ ಜಾಸ್ತಿ ಬೇಕಾಗಿರುವುದು.

ಹಿಂದೊಮ್ಮೆ ನಾನು ಅಭ್ಯಾಸ ಮಾಡಿಸುತ್ತಿದ್ದ ಮೈದಾನದಲ್ಲಿ ಒದ್ದೆ ಡಿಸ್ಕಸ್ ಜಾರಿ, ಸರ್ಕಲ್ ಸುತ್ತ ಕಟ್ಟಿದ ಬಲೆಯ ಹರುಕಿನಿಂದ ಆಚೆ ಹೋಯಿತು. ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದ ಹುಡುಗಿಯಿಂದ ಎರಡು ಹೆಜ್ಜೆ ದೂರದಲ್ಲಿ ಬಿತ್ತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಂದಿನಿಂದ ನನ್ನ ನಿಯಮ ಬದಲಾಗಿಲ್ಲ. ಬಲೆ ಹರಿದಿದ್ದರೆ ಡಿಸ್ಕಸ್, ಹ್ಯಾಮರ್ ಇಲ್ಲ. ಎಲ್ಲರೂ ಎಸೆದು ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ತರಬೇಕು. ಜಾವೆಲಿನ್ ಹಿಡಿದು ಓಡಬಾರದು. ಅದನ್ನು ನೆಲದಿಂದ ಕೀಳುವಾಗ ಹಿಂದೆ ಯಾರೂ ನಿಂತಿರಬಾರದು. ಮಳೆ ಬಂದರೆ ಪ್ರತಿ ಎಸೆತಕ್ಕೂ ಮೊದಲು ಬಟ್ಟೆಯಿಂದ ಒರೆಸಬೇಕು.

ಪ್ರಶ್ನೆ: ಪರೀಕ್ಷೆಗೆ ಒಂದು ತಿಂಗಳು ಅಭ್ಯಾಸ ಬಿಟ್ಟರೆ ಎಲ್ಲ ಹೋಗುತ್ತದಾ?

ಎಲ್ಲ ಹೋಗುವುದಿಲ್ಲ. ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ, ಲಯ ಮಾತ್ರ ಮಂಕಾಗುತ್ತದೆ. ವಾರಕ್ಕೆ ಎರಡು ಸಲ ನಲವತ್ತು ನಿಮಿಷ ಸಿಕ್ಕರೆ ಸಾಕು. ಸ್ಕ್ವಾಟ್, ಒಂದಷ್ಟು ಜಂಪ್. ಓದಿ ಸಾಕಾದಾಗ ಕೋಣೆಯಲ್ಲೇ ಬರಿಗೈಯಲ್ಲಿ ಹತ್ತು ಸಲ ಪವರ್ ಪೊಸಿಷನ್‌ಗೆ ಬಂದು ನಿಲ್ಲಿ. ನಿದ್ದೆ ಕೆಡಿಸಿಕೊಂಡು ಮೈದಾನಕ್ಕೆ ಬರಬೇಡಿ. ಪರೀಕ್ಷೆ ಮುಗಿದ ಮೊದಲ ವಾರ ನಿಂತಲ್ಲಿಂದ ಮಾತ್ರ ಎಸೆಯಿರಿ, ಅರ್ಧ ಜೋರಿನಲ್ಲಿ. ಎರಡನೇ ವಾರ ಗ್ಲೈಡ್, ಮೂರನೇ ವಾರ ಟೇಪ್.