ಎಲ್ಲದಕ್ಕೂ ಬಟನ್ ಇರುವಾಗ ಕಮಾಂಡ್ ಲೈನ್ ಯಾಕೆ ಬೇಕು?

ಕಪ್ಪು ಪರದೆಯಲ್ಲಿ ಕಮಾಂಡ್ (ಕಂಪ್ಯೂಟರಿಗೆ ಕೊಡುವ ಆಜ್ಞೆ) ಟೈಪ್ ಮಾಡುತ್ತ ಕೂರುವುದು ಬರೀ ಹಳೇ ಚಟವಲ್ಲವೇ ಎಂದು ಕೇಳಿದ್ದೀರಿ. ಹಳೆಯದು ಹೌದು, ಚಟ ಅಲ್ಲ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರುವಾದ ಕಾಲಕ್ಕೆ ಕಂಪ್ಯೂಟರ್ ಜೊತೆ ಮಾತಾಡಲು ಬಳಸುತ್ತಿದ್ದುದು ಟೆಲಿಟೈಪ್ ಎಂಬ ಟೈಪ್‌ರೈಟರ್‌ನಂಥ ಯಂತ್ರ. ಅದರ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಮಾತ್ರ ಕಾಗದದ ಮೇಲೆ ಕುಟ್ಟುತ್ತಿತ್ತು. ಎಲ್‌ಎಸ್ (ಫೈಲ್ ಪಟ್ಟಿ), ಸಿಪಿ (ನಕಲು), ಎಂವಿ (ಸ್ಥಳಾಂತರ) ಎಂಬ ಪುಟ್ಟ ಕಮಾಂಡ್ ಹೆಸರುಗಳು, ಕೆಲಸ ಸರಿಯಾದರೆ ತುಟಿ ಬಿಚ್ಚದ ಸ್ವಭಾವ, ಎರಡೂ ಅಂಥ ಯಂತ್ರಕ್ಕೆ ಹೊಂದಿದ್ದವು. ಯೂನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಟರ್ಮಿನಲ್‌ಗೆ (ಆ ಕಪ್ಪು ಪರದೆಗೆ) ಇವತ್ತಿಗೂ ಟಿಟಿವೈ ಎಂಬ ಹೆಸರಿರುವುದು ಆ ಟೆಲಿಟೈಪ್‌ನಿಂದಲೇ.

ಆದರೆ ಕಮಾಂಡ್ ಲೈನನ್ನು ಉಳಿಸಿದ್ದು ಪೈಪ್. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಅವರು 1964ರಿಂದಲೇ ಹೇಳುತ್ತಿದ್ದ ಈ ಯೋಚನೆಯನ್ನು ಯೂನಿಕ್ಸ್ ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1973ರಲ್ಲಿ ಯೂನಿಕ್ಸ್‌ಗೆ ಸೇರಿಸಿದರು: ಒಂದು ಪ್ರೋಗ್ರಾಮಿನ ಔಟ್‌ಪುಟ್ ನೇರವಾಗಿ ಇನ್ನೊಂದರ ಇನ್‌ಪುಟ್. ವೆಬ್ ಸರ್ವರ್ ಲಾಗ್‌ನಲ್ಲಿ (ವೆಬ್‌ಸೈಟಿಗೆ ಬಂದವರ ದಾಖಲೆ ಫೈಲ್) ಯಾವ ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ಕಂಪ್ಯೂಟರಿನ ವಿಳಾಸ) ಹೆಚ್ಚು ಬಾರಿ ಬಂದಿದ್ದಾರೆ ಎಂದು ನೋಡಬೇಕೆನ್ನಿ. ಆಕ್ ಎಂಬ ಪ್ರೋಗ್ರಾಂ ಆ ವಿಳಾಸವಿರುವ ಮೊದಲ ಕಾಲಂ ಎತ್ತಿಕೊಡುತ್ತದೆ, ಸಾರ್ಟ್ ಜೋಡಿಸುತ್ತದೆ, ಯುನೀಕ್ ಮೈನಸ್ ಸಿ ("-c" ಎಂಬ ಆಯ್ಕೆ) ಎಣಿಸುತ್ತದೆ, ಸಾರ್ಟ್ ಮೈನಸ್ ಆರ್‌ಎನ್ ದೊಡ್ಡ ಸಂಖ್ಯೆಯನ್ನು ಮೇಲಕ್ಕೆ ತರುತ್ತದೆ, ಹೆಡ್ ಮೊದಲ 10 ಸಾಲು ತೋರಿಸುತ್ತದೆ. ನಡುವೆ "|" ಹಾಕಿದರೆ ಒಂದೇ ಸಾಲು. ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಯುನೀಕ್ ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ.

ಎಕ್ಸೆಲ್ ಹಾಳೆ 10,48,576 ಸಾಲಿಗೆ ನಿಲ್ಲುತ್ತದೆ. ಸಾರ್ಟ್‌ಗೆ ಆ ಮಿತಿಯಿಲ್ಲ. ರ್‍ಯಾಮ್‌ನಲ್ಲಿ ಹಿಡಿಸದಿದ್ದರೆ ಟೆಂಪ್ ಫೈಲ್ ಮಾಡಿಕೊಂಡು ಕೆಲಸ ಮುಗಿಸುತ್ತದೆ. ಟೆಂಪ್ ಡೈರೆಕ್ಟರಿ ತುಂಬಿದರೆ ಅರ್ಧಕ್ಕೇ ನಿಲ್ಲುತ್ತದೆ, ಆಗ ಮೈನಸ್ ದೊಡ್ಡ ಟಿ ಕೊಟ್ಟು ಬೇರೆ ಡಿಸ್ಕ್ ತೋರಿಸಿ. ಆ ಕಮಾಂಡ್ ಸಾಲನ್ನು ಫೈಲಿನಲ್ಲಿ ಉಳಿಸಿ, ಹೇಳಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಕೊಟ್ಟರೆ ದಿನಾ ತಾನಾಗಿ ಓಡುತ್ತದೆ. ಮೌಸ್ ಕ್ಲಿಕ್ಕುಗಳನ್ನು ಹೀಗೆ ಕಟ್ಟಿಡುವುದು ಅಷ್ಟು ಸುಲಭವಲ್ಲ. (ಫೋಟೋ ತಿದ್ದುವುದಕ್ಕಾದರೆ ನಾನೂ ಮೌಸ್ ಪಕ್ಷವೇ.)

ಹೊಸಬರು ಎಡವುವ ಜಾಗ ಎರಡು. ಸಾರ್ಟ್ ಮಾಡಿದ್ದನ್ನು ">" ಹಾಕಿ ಅದೇ ಫೈಲಿಗೆ ಬರೆಯಹೋದರೆ ಫೈಲ್ ಖಾಲಿಯಾಗುತ್ತದೆ. ಸಾರ್ಟ್ ಶುರುವಾಗುವ ಮುನ್ನವೇ ಶೆಲ್ (ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ) ಅದನ್ನು ಅಳಿಸಿ ತೆರೆದಿರುತ್ತದೆ; ಬದಲಿಗೆ ಮೈನಸ್ ಓ ಬಳಸಿ. ಇನ್ನೊಂದು ಆರ್‌ಎಂ, ಅಂದರೆ ಫೈಲ್ ಅಳಿಸುವ ಕಮಾಂಡ್. ಲಾಗ್ ಫೈಲುಗಳನ್ನಷ್ಟೇ ಅಳಿಸಲು ಹೊರಟವರು "*.log" ಎಂದು ಬರೆಯುವಾಗ "*"ಗೂ (ಯಾವ ಹೆಸರಾದರೂ ಎಂಬ ಗುರುತು) ಡಾಟ್ ಲಾಗ್‌ಗೂ ನಡುವೆ ಕೈತಪ್ಪಿ ಒಂದು ಸ್ಪೇಸ್ ಒತ್ತಿದರೆ ಆ ಡೈರೆಕ್ಟರಿಯ ಮಾಮೂಲಿ ಫೈಲುಗಳೆಲ್ಲ ಹೋಗುತ್ತವೆ, ಟ್ರ್ಯಾಶ್‌ನಲ್ಲೂ ಸಿಗುವುದಿಲ್ಲ. "*"ಅನ್ನು ಬಿಡಿಸಿ ಹೆಸರುಗಳಾಗಿಸುವುದು ಶೆಲ್, ಆರ್‌ಎಂ ಅಲ್ಲ. ಹಾಗಾಗಿ ಆರ್‌ಎಂ ಜಾಗದಲ್ಲಿ ಮೊದಲು ಎಕೋ (ಕೊಟ್ಟಿದ್ದನ್ನು ಬರೀ ತೋರಿಸುವ ಕಮಾಂಡ್) ಹಾಕಿ ಎಂಟರ್ ಒತ್ತಿ. ಬಂದ ಹೆಸರುಗಳು ಸರಿಯಿದ್ದರೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲನ್ನು ವಾಪಸ್ ತಂದು ಎಕೋ ಅಳಿಸಿ ಆರ್‌ಎಂ ಬರೆಯಿರಿ.